ಹಿತ್ತಲು ಸಣ್ಣ ತೋಟವೇ? ಚನ್ನರಾಯನದುರ್ಗ ಸೀಮೆಯ ಮನೆಬೇಸಾಯದ ಬಗ್ಗೆ ಒಂದು ತಕರಾರು

ಮೈಸೂರು ಸೀಮೆಯ ತೋಟಗಳನ್ನು ಬಿ. ಎಲ್. ರೈಸ್ ತಮ್ಮ ಗೆಜೆಟಿಯರಿನಲ್ಲಿ ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ: ತರಕಾರಿ ತೋಟ, ತೆಂಗು ಅಥವಾ ಅಡಿಕೆ ತೋಟ, ಎಲೆತೋಟ, ಹೂವಿನ ತೋಟ. ಅವರಿಗಿಂತ ಮೊದಲು, 1800ರಲ್ಲಿ, ಶಿರಾ ಮಧುಗಿರಿಗಳ ಮೇಲೆ ಹಾದುಹೋದ ಫ್ರಾನ್ಸಿಸ್ ಬುಕಾನನ್ ಕೂಡ ತೋಟವನ್ನು ಬೆಳೆಯಿಂದಲೇ ಗುರುತಿಸಿದವನು. ಈ ವಿಂಗಡಣೆಯಲ್ಲಿ ಮನೆಯ ಹಿಂದಿನ ಹಿತ್ತಲಿಗೆ ಪ್ರತ್ಯೇಕ ಜಾಗವಿಲ್ಲ. ಅದನ್ನು ತರಕಾರಿ ತೋಟದ ಚಿಕ್ಕ ರೂಪವೆಂದು ಭಾವಿಸಿ ಸುಮ್ಮನಾದಂತೆ ತೋರುತ್ತದೆ. ಅದೇ ಭಾವನೆಯನ್ನು ನಾವೂ ಪ್ರಶ್ನಿಸದೆ ಉಳಿಸಿಕೊಂಡಿದ್ದೇವೆ. ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗದ ಸುತ್ತ ಕಂಡದ್ದನ್ನು ಆಧರಿಸಿ ಹೇಳುವುದಾದರೆ, ಹಿತ್ತಲು ಸಣ್ಣ ತೋಟವಲ್ಲ. ಅದರ ನೀರಿನ ಲೆಕ್ಕವೇ ಬೇರೆ.

ಈ ಸೀಮೆಯ ಬೇಸಾಯದ ಬಗ್ಗೆ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಬೆದ್ದಲಿನಲ್ಲಿ ರಾಗಿ, ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಈಚೆಗೆ ನೆಲಗಡಲೆ, ಕೆರೆಯ ಕೆಳಗೆ ಗದ್ದೆ. ಜಯಮಂಗಲಿ ಹೊಳೆಯ ಮರಳು ಹಾಸಿನ ಪಕ್ಕ ತಲಪರಿಗೆ, ಅಂದರೆ ಊಟೆ ತೋಡಿ ಹರಿಸಿದ ಕಾಲುವೆ. ಕೊರಟಗೆರೆಯಿಂದ ಹಿರಿಯೂರು, ಮೊಳಕಾಲ್ಮೂರಿಗೆ ಎಳೆದ ಗೆರೆಯ ಪೂರ್ವಕ್ಕೆ ತಲಪರಿಗೆಗಳು ಹಬ್ಬಿವೆ ಎಂದು ರೈಸ್ ಗುರುತಿಸಿದ್ದು ಇಂದಿಗೂ ಒಪ್ಪತಕ್ಕದ್ದು. ದಕ್ಷಿಣ ಭಾಗದಲ್ಲಿ ಮರಳು ತೋಡಿದರೆ ಮೇಲೆಯೇ ನೀರು, ಪಾವಗಡದ ಕಡೆ ಮೆತ್ತನೆಯ ಬಂಡೆ ಕಡಿಯಬೇಕು ಎಂದೂ ಅವರು ಬರೆದಿದ್ದಾರೆ. ನಮ್ಮ ದುರ್ಗ ಆ ಗೆರೆ ಹೊರಡುವ ಕಡೆಯಲ್ಲೇ ಇದೆ. ತರಕಾರಿ ತೋಟ ಬೆಳೆದದ್ದು ಈ ಕಾಲುವೆಯ ಅಥವಾ ಕಪಿಲೆ ಬಾವಿಯ ನೀರಿನಲ್ಲಿ. ಅಲ್ಲಿಯವರೆಗೆ ತಕರಾರಿಲ್ಲ.

ತಕರಾರು ಶುರುವಾಗುವುದು ಬಚ್ಚಲ ಗೋಡೆಯ ಆಚೆ. ದುರ್ಗದ ಬುಡದ ಹಳ್ಳಿಯೊಂದರ ಹಳೆಯ ಮನೆಯಲ್ಲಿ ನಾನು ನೋಡಿದ ಹಿತ್ತಲು ಹೀಗಿತ್ತು. ಬಚ್ಚಲ ಕಲ್ಲಿನ ತೂತಿನಿಂದ ಬಿದ್ದ ನೀರು ಮೊದಲು ಬಾಳೆಯ ಬುಡಕ್ಕೆ, ಅಲ್ಲಿಂದ ಒಂದು ಮಾರು ಆಚೆಗೆ ಕೆಸುವಿನ ಗುಂಪಿಗೆ. ಅದನ್ನು ದಾಟಿದ ನೀರಿಗೆ ಎರಡು ಪರಂಗಿ ಗಿಡ, ಪಕ್ಕದ ಪಾತಿಯಲ್ಲಿ ದಂಟು, ಬದನೆ, ಮೆಣಸಿನ ಗಿಡ. ಚಪ್ಪರದ ಮೇಲೆ ಹೀರೆ, ಪಡವಲ. ನೀರೇ ಮುಟ್ಟದ ಬೇಲಿಯಲ್ಲಿ ನುಗ್ಗೆ, ಸೀಬೆ, ಕರಿಬೇವು. ಮೋರಿಯಿಂದ ದೂರ ಹೋದಂತೆ ಬಾಯಾರಿಕೆ ತಡೆಯುವ ಗಿಡಗಳೇ ಸಾಲಾಗಿ ನಿಂತಿದ್ದವು. ಬಿತ್ತನೆಗೆಂದು ಬಿಟ್ಟ ಒಂದು ಹೀರೆಕಾಯಿ ಸೂರಿನ ಗಳಕ್ಕೆ ನೇತಾಡುತ್ತಿತ್ತು. ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನುತ್ತಿತ್ತು.

ಎಲ್ಲ ನೀರೂ ಅಲ್ಲಿಗೆ ಹೋಗುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಅಕ್ಕಿ ತೊಳೆದ ನೀರು, ಮುಸುರೆ, ಕಲಗಚ್ಚಿನ ಬಾನಿಗೆ ಸೇರಿ ಹಸುವಿನ ಪಾಲಾಗುತ್ತಿತ್ತು. ಹಿತ್ತಲಿಗೆ ದಕ್ಕುತ್ತಿದ್ದದ್ದು ಸ್ನಾನದ ನೀರು ಮತ್ತು ಪಾತ್ರೆ ತೊಳೆದದ್ದರ ಕೊನೆಯ ಗಲಬರು ಮಾತ್ರ. ಐದು ಜನರ ಮನೆ, ತಲೆಗೆ 20 ಲೀಟರ್ ಎಂದುಕೊಂಡರೆ ದಿನಕ್ಕೆ 100 ಲೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ನೀರೆಂದರೆ ಒಂದು ಲೀಟರ್. ಬಿಸಿಲು ಸೀಮೆಯ ಸೊಪ್ಪು ತರಕಾರಿಗೆ ದಿನಕ್ಕೆ 5 ಮಿ.ಮೀ. ಬೇಕೆಂದು ಹಿಡಿದರೆ 100 ಲೀಟರಿಗೆ 20 ಚದರ ಮೀಟರ್ ನೆಲ. ಅದು ಒಂದು ಗುಂಟೆಯ ಐದನೆಯ ಒಂದು ಪಾಲು. ನಾನು ಕಂಡ ಹಿತ್ತಲಿನ ಹಸಿರು ಭಾಗವನ್ನು ಹೆಜ್ಜೆಯಲ್ಲಿ ಅಳೆದಾಗ ಈ ಸಂಖ್ಯೆಗೆ ಹತ್ತಿರವೇ ಬಂತು. ಮನೆಯವರಿಗೆ ಇನ್ನೂ ಮೂರು ಗುಂಟೆ ಖಾಲಿ ಜಾಗವಿತ್ತು. ಅಲ್ಲಿ ಬಣವೆ ಮತ್ತು ತಿಪ್ಪೆ ಬಿಟ್ಟರೆ ಏನೂ ಇರಲಿಲ್ಲ.

ಇದರಿಂದ ನಾನು ಹೇಳಬಯಸುವುದು: ಈ ಸೀಮೆಯಲ್ಲಿ ಹಿತ್ತಲಿನ ವಿಸ್ತಾರವನ್ನು ನಿರ್ಧರಿಸಿದ್ದು ಜಮೀನಲ್ಲ, ಮನೆಯಲ್ಲಿ ಮೀಯುವವರ ಸಂಖ್ಯೆ. ಮಾತು ದೊಡ್ಡದು, ಆದ್ದರಿಂದ ಅದರ ಮಿತಿಗಳನ್ನೂ ಹೇಳಬೇಕು. ಲೆಕ್ಕದ ಎರಡೂ ಸಂಖ್ಯೆಗಳು ಅಂದಾಜು. ಚೈತ್ರ ವೈಶಾಖದ ಬಿಸಿಲಿಗೆ 5 ಮಿ.ಮೀ. ಸಾಲದು. ದಿನವೂ ಮೀಯುವ ರೂಢಿ ಎಲ್ಲ ಮನೆಯಲ್ಲೂ ಇರಲಿಲ್ಲ. ಮಳೆಗಾಲದಲ್ಲಿ ಕುಂಬಳ, ಸೋರೆ, ಚಪ್ಪರದವರೆ ಮೋರಿಯ ಹಂಗಿಲ್ಲದೆ ಬೆಳೆಯುತ್ತವೆ. ನನ್ನ ಮಾತು ಬೇಸಿಗೆಯ ಹಿತ್ತಲಿಗೆ ಮಾತ್ರ ಅನ್ವಯ. ತಲಪರಿಗೆಗೆ ಅಂಟಿಕೊಂಡ ಊರುಗಳಲ್ಲಿ ಹೆಂಗಸರು ಕೊಡದಲ್ಲಿ ನೀರು ಹೊತ್ತು ಹಾಕಿದ್ದರೆ ಲೆಕ್ಕವೇ ತಲೆಕೆಳಗಾಗುತ್ತದೆ. ಒಂದು ಹಿತ್ತಲಿನ ಸಾಕ್ಷ್ಯ ಒಂದೇ ಹಿತ್ತಲಿನ ಸಾಕ್ಷ್ಯ. ಇಷ್ಟೆಲ್ಲ ಬಿಟ್ಟುಕೊಟ್ಟ ಮೇಲೂ ಒಂದು ವ್ಯತ್ಯಾಸ ಉಳಿಯುತ್ತದೆ: ತೋಟದವನು ನೀರನ್ನು ಬೆಳೆಗಾಗಿಯೇ ಎತ್ತುತ್ತಾನೆ, ಹಿತ್ತಲಿಗೆ ಬರುವುದು ಆಗಲೇ ಒಂದು ಕೆಲಸ ಮುಗಿಸಿದ ನೀರು. ರೈಸ್ ಅವರ ಪಟ್ಟಿಗೆ ಐದನೆಯ ಬಗೆಯೊಂದನ್ನು ಸೇರಿಸಲು ಇಷ್ಟು ಸಾಕೆಂದು ನನ್ನ ಭಾವನೆ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ವಿದ್ವಾಂಸರಿಗೂ ತಗಲುತ್ತದೆಂದು ಕಾಣುತ್ತದೆ.

ಇನ್ನೊಂದು ಆಕರದ ಆಸೆಯನ್ನು ನಾನು ಬೇಕೆಂದೇ ಬದಿಗಿಟ್ಟಿದ್ದೇನೆ. ದಾನಶಾಸನಗಳಲ್ಲಿ ಬರುವ ‘ಗದ್ದೆ ಬೆದ್ದಲು ತೋಟ ತುಡಿಕೆ’ ಎಂಬ ಸಾಲಿನ ‘ತುಡಿಕೆ’ಯನ್ನು ಹಿತ್ತಲೆಂದು ಓದಿಬಿಟ್ಟರೆ ನನ್ನ ವಾದಕ್ಕೆ ಶತಮಾನಗಳ ಬಲ ಬರುತ್ತದೆ. ಆದರೆ ಅದನ್ನು ಹೋಲುವ ತಮಿಳಿನ ‘ತುಡವೈ’ಗೆ ತೋಟ, ಉತ್ತ ಹೊಲ ಎಂಬ ಅರ್ಥಗಳಿವೆ, ಮನೆಯ ನಂಟು ಅದಕ್ಕಿಲ್ಲ. ಊರಿನ ಸೀಮೆಯನ್ನೇ ಬರೆದುಕೊಡುವ ಪಟ್ಟಿಯಲ್ಲಿ ಬಚ್ಚಲ ಹಿಂದಿನ ಇಪ್ಪತ್ತು ಚದರ ಮೀಟರನ್ನು ಎಣಿಸಿದರೆಂದು ನಂಬುವುದೂ ಕಷ್ಟ. ‘ತುಡಿಕೆ’ ಜೋಡುನುಡಿಯ ಬಾಲವೋ, ಬೇರೆಯೇ ಒಂದು ನೆಲವೋ ಎಂಬುದನ್ನು ತುಮಕೂರು ಜಿಲ್ಲೆಯ ಶಾಸನಗಳಲ್ಲಿ ಪದದ ಪ್ರತಿಯೊಂದು ಬಳಕೆಯನ್ನೂ ಕಲೆಹಾಕಿ ತೀರ್ಮಾನಿಸಬೇಕಾಗಿದೆ.

ಅದಕ್ಕಿಂತ ಅವಸರದ ಕೆಲಸ ಇನ್ನೊಂದಿದೆ. ಸಿಮೆಂಟಿನ ಚರಂಡಿ ಬಂದ ಬೀದಿಗಳಲ್ಲಿ ಬಚ್ಚಲ ನೀರು ಈಗ ಮನೆಯ ಮುಂದಕ್ಕೆ ಹರಿಯುತ್ತದೆ. ಕೊರಟಗೆರೆ, ಮಧುಗಿರಿ ತಾಲ್ಲೂಕುಗಳಲ್ಲಿ ಕ್ಷೇತ್ರಕಾರ್ಯ ಮಾಡುವವರು ಹಿತ್ತಲಿನ ಗಿಡಗಳ ಪಟ್ಟಿಯ ಜತೆಗೆ ಮೂರು ವಿಷಯಗಳನ್ನು ದಯವಿಟ್ಟು ಬರೆದುಕೊಳ್ಳಲಿ: ಮೋರಿ ಯಾವ ಕಡೆಗಿದೆ, ಯಾವ ಗಿಡ ಅದರಿಂದ ಎಷ್ಟು ದೂರ, ಮನೆಯಲ್ಲಿ ಎಷ್ಟು ಜನ.