ಗೃಧ್ರಸಿಯೂ ಶಸ್ತ್ರಚಿಕಿತ್ಸೆಯೂ

ಬೆನ್ನೆಲುಬಿನ ಮಣಿಗಳ ನಡುವಣ ಬಿಲ್ಲೆ ಜಾರುವುದನ್ನು ಸುಶ್ರುತಾಚಾರ್ಯನು ಬಲ್ಲವನಾಗಿದ್ದು, ಅದನ್ನು ಶಸ್ತ್ರದಿಂದ ಸರಿಪಡಿಸುತ್ತಿದ್ದನೆಂದು ನಮ್ಮ ಮಿತ್ರರಲ್ಲಿ ಕೆಲವರು ಹೇಳುವುದುಂಟು. ಮೂಲಗ್ರಂಥವನ್ನು ತೆರೆದು ನೋಡಿದರೆ ಈ ಮಾತು ನಿಲ್ಲುವುದಿಲ್ಲ.

ಹಿಮ್ಮಡಿ ಮತ್ತು ಬೆರಳುಗಳ ಕಂಡರೆಯು ವಾತಪೀಡಿತವಾಗಿ ಕಾಲನ್ನು ಎತ್ತಗೊಡದಿದ್ದರೆ ಅದು ಗೃಧ್ರಸಿಯೆಂದು ಸುಶ್ರುತನ ನಿದಾನಸ್ಥಾನವು ಹೇಳುತ್ತದೆ. ಚರಕನಾದರೋ ನೋವು ಪಿರ್ರೆಯಿಂದ ತೊಡಗಿ ಸೊಂಟ, ತೊಡೆ, ಮೊಣಕಾಲು, ಪಾದಗಳಿಗೆ ಕ್ರಮವಾಗಿ ವ್ಯಾಪಿಸುವುದನ್ನು ವರ್ಣಿಸಿರುವನು. ಈ ವರ್ಣನೆಗಳು ಅತ್ಯಂತ ಯಥಾರ್ಥವಾದುವು. ಕಾಲೆತ್ತಿ ನೋಡುವ ಪರೀಕ್ಷೆಯನ್ನು ಫ್ರಾನ್ಸಿನಲ್ಲಿ ಲಸೇಗನ ಶಿಷ್ಯನಾದ ಫೋರ್ಸ್ಟನು ಪ್ರಕಟಿಸಿದುದು ೧೮೮೧ರಲ್ಲಿ. ಆದರೆ ಲಕ್ಷಣಜ್ಞಾನ ಬೇರೆ, ಕಾರಣಜ್ಞಾನ ಬೇರೆ. ಸುಶ್ರುತನು ಗೃಧ್ರಸಿಗೆ ವಿಧಿಸಿದ ಸಿರಾವ್ಯಧವು ಮೊಣಕಾಲಿನ ಸಂಧಿಗೆ ನಾಲ್ಕಂಗುಲ ಮೇಲೆ ಅಥವಾ ಕೆಳಗೆ, ಬೆನ್ನಿನ ಮೇಲಲ್ಲ. ಆದಕಾರಣ ಗೃಧ್ರಸಿಯನ್ನು ‘ಸಯಾಟಿಕಾ’ ಎಂದು ಅನುವಾದಿಸುವುದು ಯುಕ್ತವೇ ಹೊರತು ‘ಬಿಲ್ಲೆಯ ಜಾರುವಿಕೆ’ ಎಂದು ಅರ್ಥ ಹೇಳುವುದು ಯುಕ್ತವಲ್ಲ.

ಇದರಿಂದ ಆಚಾರ್ಯರಿಗೆ ಕುಂದೇನೂ ಇಲ್ಲ. ಯೂರೋಪಿನಲ್ಲಿಯೂ ಈ ನೋವು ನರಸಂಬಂಧವಾದುದೆಂದು ನೇಪಲ್ಸಿನ ಕೊಟುನ್ಯೋ ಗ್ರಂಥ ಬರೆದುದು ೧೭೬೪ರಲ್ಲಿ. ಅನಂತರವೂ ಬಹುಕಾಲ ಶಸ್ತ್ರವೈದ್ಯರು ಬೆನ್ನಿನೊಳಗೆ ಕಂಡ ತುಣುಕುಗಳನ್ನು ಮೃದ್ವಸ್ಥಿಯ ಗಂಟುಗಳೆಂದೇ ಬಗೆದು ತೆಗೆಯುತ್ತಿದ್ದರು. ಅವು ಸಿಡಿದ ಬಿಲ್ಲೆಯ ಭಾಗಗಳೆಂದೂ, ನರಮೂಲವನ್ನು ಒತ್ತಿ ನೋವನ್ನುಂಟುಮಾಡುವುವೆಂದೂ ಬಾಸ್ಟನ್ ನಗರದ ಮಿಕ್ಸ್‌ಟರ್ ಮತ್ತು ಬಾರ್ ಎಂಬವರು ೧೯೩೪ರಲ್ಲಿ ಸ್ಥಾಪಿಸಿದರು.

ಅಲ್ಲಿಂದ ಮುಂದಿನ ಚರಿತ್ರೆಯು ಗಾಯವನ್ನು ಕಿರಿದುಮಾಡಿದ ಚರಿತ್ರೆ. ೧೯೬೪ರಲ್ಲಿ ಲೈಮನ್ ಸ್ಮಿತ್ ಎಂಬವನು ಪರಂಗಿಕಾಯಿಯ ಹಾಲಿನಿಂದ ತೆಗೆದ ಕೈಮೊಪಪೈನನ್ನು ಸೂಜಿಯಿಂದ ಬಿಲ್ಲೆಯೊಳಗೆ ಹೊಗಿಸಿ ಅದರ ತಿರುಳನ್ನು ಕರಗಿಸುವ ವಿಧಾನವನ್ನು ಪ್ರಕಟಿಸಿದನು. (ಮಾಂಸವನ್ನು ಮೆತ್ತಗಾಗಿಸಲು ಪರಂಗಿಕಾಯನ್ನು ಹಾಕುವ ಅಡಿಗೆಯವರಿಗೆ ಇದರಲ್ಲಿ ಆಶ್ಚರ್ಯವಿರಲಾರದು.) ಕೆಲವರಲ್ಲಿ ಅದು ಪ್ರಾಣಾಪಾಯಕರವಾದ ವಿಕಾರವನ್ನುಂಟುಮಾಡಿದುದರಿಂದ ಬಳಕೆ ಕುಗ್ಗಿತು. ೧೯೭೫ರಲ್ಲಿ ಜಪಾನಿನ ಹಿಜಿಕಾಟನು ಚರ್ಮದ ಮೂಲಕ ಸಣ್ಣ ನಳಿಗೆಯನ್ನು ತೂರಿಸಿ ತಿರುಳನ್ನು ತೆಗೆವ ಕ್ರಮವನ್ನು ಪ್ರಕಟಿಸಿದನು. ೧೯೭೭ರಲ್ಲಿ ಯಾಸರ್ಗಿಲ್, ಕ್ಯಾಸ್ಪರ್ ಇವರು ಬೇರೆಬೇರೆಯಾಗಿ ಸೂಕ್ಷ್ಮದರ್ಶಕದ ವಿಧಾನವನ್ನು ಬೆಳಕಿಗೆ ತಂದರು. ೧೯೯೭ರಲ್ಲಿ ಅಮೆರಿಕದ ಫೋಲಿ ಮತ್ತು ಸ್ಮಿತ್ ಎಂಬವರು ಸ್ನಾಯುವನ್ನು ಕತ್ತರಿಸದೆ ಸರಿಸಿ, ನಳಿಗೆಯೊಳಗೆ ದರ್ಶಕಯಂತ್ರವನ್ನಿಳಿಸುವ ಕ್ರಮವನ್ನು ನಿರೂಪಿಸಿದರು.

ಗಾಯವು ಕಿರಿದಾದಷ್ಟೂ ಗುಣ ಹೆಚ್ಚೆಂದು ಊಹಿಸುವುದು ಸಹಜ. ಊಹೆಯನ್ನು ಪ್ರಮಾಣವೆಂದು ಭ್ರಮಿಸುವುದು ನಮ್ಮ ಮಿತ್ರರೊಬ್ಬರ ದೋಷವಷ್ಟೇ ಅಲ್ಲ. ಹಾಲೆಂಡಿನ ವೈದ್ಯರು ೩೨೮ ರೋಗಿಗಳಲ್ಲಿ ನಳಿಗೆಯ ಕ್ರಮವನ್ನೂ ಸೂಕ್ಷ್ಮದರ್ಶಕದ ರೂಢಿಯ ಕ್ರಮವನ್ನೂ ಹೋಲಿಸಿ ೨೦೦೯ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ನಳಿಗೆಯು ಮೇಲೆನಿಸಲಿಲ್ಲ. ವರ್ಷಾಂತ್ಯದಲ್ಲಿ ಕಾಲುನೋವು, ಬೆನ್ನುನೋವುಗಳ ಉಪಶಮನವು ರೂಢಿಯ ಕ್ರಮದಲ್ಲಿಯೇ ತುಸು ಹೆಚ್ಚಾಗಿದ್ದಿತು.