ಲಂಕೆಯ ಹಕ್ಕಿಗಳಿಗೆ ಹೆಸರಿಟ್ಟವರು

ಲಂಕೆಯೆಂದೊಡನೆ ನಮ್ಮ ಕಣ್ಣ ಮುಂದೆ ಅಶೋಕವನ ಬಂದು ನಿಲ್ಲುತ್ತದೆ. ಕವಿಗಳು ಆ ವನದಲ್ಲಿ ಗಿಳಿ ಕೋಗಿಲೆಗಳನ್ನು ಧಾರಾಳವಾಗಿ ಕೂರಿಸಿದ್ದಾರೆ. ಆದರೆ ಸಿಂಹಳದ್ವೀಪದ ನಿಜವಾದ ಪಕ್ಷಿಸಂಪತ್ತು ಕವಿಗಳ ಎಣಿಕೆಯನ್ನೂ ಮೀರಿದ್ದು. ಕರ್ನಾಟಕದ ಮೂರನೆಯ ಒಂದು ಪಾಲಿನಷ್ಟು ವಿಸ್ತಾರದ ಆ ನಾಡಿನಲ್ಲಿ 500ರ ಸಮೀಪ ಬಗೆಯ ಹಕ್ಕಿಗಳು ಕಂಡುಬಂದಿವೆ. ಅವುಗಳಲ್ಲಿ 30ಕ್ಕೂ ಹೆಚ್ಚು ಬಗೆಗಳು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಇವುಗಳಿಗೆ ಹೆಸರು ಬಂದ ಬಗೆಯನ್ನು ಹುಡುಕಹೊರಟರೆ ದ್ವೀಪದ ಚರಿತ್ರೆಯೇ ತೆರೆದುಕೊಳ್ಳುತ್ತದೆ.

ಶ್ರೀಲಂಕೆಯ ರಾಷ್ಟ್ರಪಕ್ಷಿ ಅಲ್ಲಿನದೇ ಆದ ಕಾಡುಕೋಳಿ. ಸಿಂಹಳದ ಹಳ್ಳಿಗರಿಗೆ ಅದು 'ವಳಿ ಕುಕುಳಾ'. ಶಾಸ್ತ್ರಜ್ಞರಿಗೆ ಮಾತ್ರ ಅದು ಲಫಾಯೆತ್ತನ ಕೋಳಿ! 1831ರಲ್ಲಿ ಲೆಸ್ಸನ್ ಎಂಬ ಫ್ರೆಂಚ್ ವಿದ್ವಾಂಸ ತನ್ನ ದೇಶದ ಸೇನಾನಿಯೊಬ್ಬನ ಗೌರವಾರ್ಥ ಆ ಹೆಸರಿಟ್ಟ. ಆ ಸೇನಾನಿ ಅಮೆರಿಕದ ಸ್ವಾತಂತ್ರ್ಯಕ್ಕಾಗಿ ಕಾದಿದ ವೀರನೇನೋ ಹೌದು. ಲಂಕೆಯ ಮಣ್ಣನ್ನು ಅವನು ಮೆಟ್ಟಿದವನೇ ಅಲ್ಲ.

ಅದಕ್ಕೂ ಹಿಂದಿನ ಕಥೆ ಡಚ್ಚರ ಕಾಲದ್ದು. 1752ರಿಂದ 1757ರವರೆಗೆ ಅಲ್ಲಿ ಗವರ್ನರನಾಗಿದ್ದ ಲೋಟನ್ ಹಕ್ಕಿಗಳ ಮೋಹಿ. ದ್ವೀಪದಲ್ಲೇ ಹುಟ್ಟಿದ, ಮಿಶ್ರವಂಶದ ಡಿ ಬೆವೆರೆ ಎಂಬ ಚಿತ್ರಕಾರನಿಂದ ಅವನು ಹಕ್ಕಿಗಳ ವರ್ಣಚಿತ್ರಗಳನ್ನು ಬರೆಸಿದ. ನಮ್ಮ ಕೈತೋಟಗಳಿಗೂ ಬರುವ ನೀಳಕೊಕ್ಕಿನ ಸೂರಕ್ಕಿಯೊಂದಕ್ಕೆ 1766ರಲ್ಲಿ ಲಿನ್ನೇಯಸ್ ಹೆಸರು ಕೊಟ್ಟಾಗ ಅದು ಸಂದದ್ದು ಗವರ್ನರನಿಗೆ, ಕುಂಚ ಹಿಡಿದವನಿಗಲ್ಲ.

ಮುಂದೆ ಇಂಗ್ಲಿಷರ ಆಳಿಕೆ. ಫಿರಂಗಿದಳದ ಅಧಿಕಾರಿ ಲೆಗ್ 1868ರಲ್ಲಿ ಬಂದಿಳಿದು ದ್ವೀಪವನ್ನೆಲ್ಲ ಸುತ್ತಿದ; 1878ರಿಂದ 1880ರವರೆಗೆ ಕಂತುಕಂತಾಗಿ ಸಿಂಹಳದ ಪಕ್ಷಿಗಳ ಬೃಹದ್ಗ್ರಂಥವನ್ನು ಹೊರತಂದ. ಇಂದಿಗೂ ಅದು ಆಕರಗ್ರಂಥವೇ. ಆದರೆ ಅವನು ಬರೆಯುತ್ತಿದ್ದ ಕಾಲದಲ್ಲಿ ಪುಟದಲ್ಲಿ ಹಕ್ಕಿಗಳು ನೆಲೆಗೊಳ್ಳುತ್ತಿದ್ದಂತೆ ಬೆಟ್ಟದಲ್ಲಿ ನೆಲೆ ಕಳೆದುಕೊಳ್ಳುತ್ತಿದ್ದವು. 1830ರ ದಶಕದಿಂದಲೇ ಮಧ್ಯದ ಬೆಟ್ಟಗಳ ಕಾಡು ಕಾಫಿಗಾಗಿ ಉರುಳತೊಡಗಿತ್ತು. 1869ರಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಕಾಫಿಯನ್ನು ನೆಲಕಚ್ಚಿಸಿತು; ಆ ಜಾಗಕ್ಕೆ ಚಹಾ ಬಂದಿತು. ಬೆಳೆ ಬದಲಾಯಿತು, ಕಾಡು ಮರಳಲಿಲ್ಲ.

ಇಲ್ಲಿ ಅತಿಥಿಗೂ ಮನೆಯವನಿಗೂ ಇರುವ ಅಂತರವನ್ನು ಗಮನಿಸಬೇಕು. ನಾವು ನವರಂಗವೆಂದು ಕರೆಯುವ ಹಕ್ಕಿ ಹಿಮಾಲಯದ ತಪ್ಪಲಿನಲ್ಲೂ ಮಧ್ಯಭಾರತದಲ್ಲೂ ಮರಿಮಾಡಿ, ಚಳಿಗಾಲಕ್ಕೆ ದಕ್ಷಿಣಕ್ಕೆ ಇಳಿಯುತ್ತದೆ. ಕೆಲವು ಕಡಲು ದಾಟಿ ಲಂಕೆ ಸೇರುತ್ತವೆ. ಅದರ ಕೂಗನ್ನೇ ಹೆಸರಾಗಿಸಿ ಸಿಂಹಳರು ಅದನ್ನು 'ಅವಿಚ್ಚಿಯಾ' ಎನ್ನುತ್ತಾರೆ. ಉತ್ತರದ ದೂರದೇಶಗಳಿಂದ ಬರುವ ನೀರುಹಕ್ಕಿಗಳೂ ಮನ್ನಾರ್, ಬುಂದಲಗಳ ಉಪ್ಪುನೀರಿನ ತೀರಗಳಲ್ಲಿ ತಂಗುತ್ತವೆ. ದೇವುಂದರದ ಭೂಶಿರದಿಂದಾಚೆ ದಕ್ಷಿಣಧ್ರುವಖಂಡದವರೆಗೂ ಬರೀ ಕಡಲು. ಬೇಸಗೆ ಬಂದರೆ ಈ ಅತಿಥಿಗಳು ತಮ್ಮ ತೌರಿಗೆ ಹೊರಟುಬಿಡುತ್ತಾರೆ. ನೈಋತ್ಯದ ಮಳೆಕಾಡಿನ ಹಕ್ಕಿಗೆ ಹೋಗಲು ಬೇರೆ ಮನೆಯಿಲ್ಲ. ಹಿಮಯುಗಗಳಲ್ಲಿ ಸಮುದ್ರ ತಗ್ಗಿ ಭಾರತಕ್ಕೆ ನೆಲದ ದಾರಿಯೇ ಬಿದ್ದಿತ್ತು. ಆಗಲೂ ನಡುವಣ ಒಣ ಬಯಲು ಅವುಗಳನ್ನು ಬಹುಮಟ್ಟಿಗೆ ತಡೆದಿತ್ತು. ಸಹ್ಯಾದ್ರಿಯ ಮಂಗಟ್ಟೆಗೂ ಲಂಕೆಯ ಮಂಗಟ್ಟೆಗೂ ದಾಯಾದಿತನವಿದ್ದರೂ ಒಕ್ಕಲು ಬೇರೆಯಾದದ್ದು ಹೀಗೆ.

ಆ ಕಾಡುಗಳಲ್ಲಿ ಉಳಿದಿರುವ ದೊಡ್ಡ ತುಣುಕು ಸಿಂಹರಾಜ. 1970ರ ದಶಕದಲ್ಲಿ ಪ್ಲೈವುಡ್ಡಿಗಾಗಿ ಅಲ್ಲಿಯೂ ಯಂತ್ರಗಳು ನುಗ್ಗಿದವು. ಅದನ್ನು ವಿರೋಧಿಸಿ ಹೋರಾಡಿದವರ ಮುಂಚೂಣಿಯಲ್ಲಿದ್ದವರು ಸ್ವಿಟ್ಜರ್ಲೆಂಡಿನಿಂದ ಬಂದು ಲಂಕೆಯಲ್ಲಿ ನೆಲೆಸಿದ್ದ ಥೀಲೊ ಹಾಫ್‌ಮನ್. 1977ರಲ್ಲಿ ಕೊಡಲಿ ನಿಂತಿತು. 1988ರಲ್ಲಿ ಕಾಡು ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಅದರ ಫಲ ತಡವಾಗಿ ಕಂಡಿತು. ದೀಪಾಲ್ ವಾರಕಗೋಡ ಎಂಬ ಸಿಂಹಳದ ಪಕ್ಷಿತಜ್ಞರ ಕಿವಿಗೆ 1995ರಲ್ಲಿ ಕಿತುಲ್ಗಲದ ಕಾಡಿನಲ್ಲಿ ಅಪರಿಚಿತ ಕೂಗೊಂದು ಬಿದ್ದಿತ್ತು. ಕೂಗಿದ ಹಕ್ಕಿಯನ್ನು ಅವರು ಕಣ್ಣಾರೆ ಕಂಡದ್ದು 2001ರ ಜನವರಿಯಲ್ಲಿ, ಸಿಂಹರಾಜದಲ್ಲಿ. ಅದೊಂದು ಕೆಂಗಂದು ಬಣ್ಣದ ಪುಟ್ಟ ಗೂಬೆ. ಒಂದು ಶತಮಾನಕ್ಕೂ ಮಿಕ್ಕಿದ ಮೇಲೆ ಲಂಕೆಯಲ್ಲಿ ದೊರೆತ ಹೊಸ ಪಕ್ಷಿ. 2004ರಲ್ಲಿ ಅದಕ್ಕೆ ಶಾಸ್ತ್ರೀಯ ನಾಮಕರಣವಾದಾಗ ಹಾಫ್‌ಮನ್ನರ ಹೆಸರನ್ನು ಇಟ್ಟರು. ಅವರೂ ಹೊರಗಿನಿಂದ ಬಂದವರೇ. ಆದರೆ ಹಕ್ಕಿಗೆ ಹೆಸರು ಕೊಡುವುದಕ್ಕೆ ಮೊದಲೇ ಅವರು ಅದರ ಮನೆಯನ್ನು ಉಳಿಸಿಕೊಟ್ಟಿದ್ದರು.