ಮನೆಯವರಿಗೆ ತೆರೆದ ಬಾಗಿಲು

ನಮ್ಮ ವಯನಾಡಿನಲ್ಲಿ ಕುತಿರವಟ್ಟದ ಹೆಸರೆತ್ತಿದರೆ ಇಂದಿಗೂ ದನಿ ತಗ್ಗುವುದು. ಕೋಳಿಕ್ಕೋಡಿನಲ್ಲಿ 1872ರಲ್ಲಿ ಸ್ಥಾಪಿತವಾದ ಆ ಮಾನಸಿಕ ಆಸ್ಪತ್ರೆಯ ಕಾಲದಲ್ಲಿ, ರೋಗಿಯನ್ನು ಒಪ್ಪಿಸಿ ಮನೆಯವರು ಹಿಂದಿರುಗುವುದೇ ಎಲ್ಲೆಡೆಯ ಪದ್ಧತಿ. ಅದನ್ನು ಮುರಿದವರು ಅಮೃತಸರದ ಡಾ. ವಿದ್ಯಾಸಾಗರರು. 1950ರ ದಶಕದಲ್ಲಿ ಅವರು ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ಬಂಧುಗಳನ್ನು ರೋಗಿಗಳೊಡನೆ ಇರಗೊಟ್ಟರು. ಆರೈಕೆಯ ಕ್ರಮವನ್ನೂ ಬೋಧಿಸಿದರು. ವೆಲ್ಲೂರು ಅದೇ ಹಾದಿ ಹಿಡಿಯಿತು. ಬೆಂಗಳೂರಿನಲ್ಲಿ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿ ಮಕ್ಕಳ ವಾರ್ಡಿನಲ್ಲಿ ತಾಯಿಯೋ ತಂದೆಯೋ ಜೊತೆಗಿರುವರು. ಖಿನ್ನತೆಯಿಂದ ಮೂಕನಾದ ಮಗನನ್ನು ‘ಸೋಮಾರಿ’ಯೆಂದು ಗದರುವ ತಂದೆಗೂ ಪಾಠವುಂಟು. ಬತ್ತೇರಿಯಿಂದ ಮೈಸೂರಿನ ಮಾರ್ಗವಾಗಿ ಹೋಗುವ ಕನ್ನಡಿಗರಾದ ನಮಗೆ ಭಾಷೆಯ ತೊಡಕಿಲ್ಲ. ಆದರೆ ತೋಟದ ಕೆಲಸ ಬಿಟ್ಟು ವಾರಗಟ್ಟಲೆ ಮಗನ ಬಳಿ ಕುಳಿತ ತಾಯಿಗೆ ಆ ದಿನಗಳ ಕೂಲಿಯನ್ನು ಕೊಡುವವರಾರು?